ಎದುರು ಮನೆಯ ಕುಬಸ

ನನ್ನ ಗಂಡ ಪೊಲೀಸ್ ಖಾತೆಯಲ್ಲಿದ್ದ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಈಗ ಯಾರ ಮನೆಗೆ ಹೋದರೂ ಅವರ ಅಜ್ಜ ಚಳವಳಿಯಲ್ಲಿದ್ದವನೇ, ತಂತಿ ಕತ್ತರಿಸಿದವನೇ. ಎಲ್ಲರೂ ಓಡಿದವರೇ ಆಗಿದ್ದರೆ ಅವರನ್ನು ಅಟ್ಟಿಸಿಕೊಂಡು ಹೋದವರು ಯಾರು ಎಂದು ನನಗೆ ಒಳಗೊಳಗೇ ನಗು ಬರುತ್ತದೆ. ಅಟ್ಟಿಸಿಕೊಂಡು ಹೋದವರಲ್ಲಿ ಒಬ್ಬನಿಗೆ ನಾನು ಜೀವಮಾನವೆಲ್ಲ ರೊಟ್ಟಿ ಬಡಿದು ಹಾಕಿದ್ದೇನೆ.

ನನ್ನ ತವರು ಹುಕ್ಕೇರಿ ಕಡೆಯ ಹತ್ತರಗಿ. ಗಂಡನ ನೌಕರಿ ಗೋಕಾಕ ಠಾಣೆಯಲ್ಲಿ. ನಲವತ್ತೆರಡರ ಚಲೇಜಾವ್ ಗದ್ದಲದಲ್ಲಿ ಮೂಡಲಗಿ ಹಾದಿಯ ಒಂದು ಹಳ್ಳಿಯ ಚಾವಡಿಗೆ ಬೆಂಕಿ ಬಿತ್ತು. ಸರಕಾರ ಊರಿನ ಮೇಲೆ ಸಿಟ್ಟಾಗಿ ಅಲ್ಲಿ ಪೊಲೀಸ್ ಚೌಕಿ ಕೂರಿಸಿತು, ಅದರ ಖರ್ಚನ್ನೂ ಊರಿನ ತಲೆಗೇ ಕಟ್ಟಿತು. ಚೌಕಿಯ ಸಿಪಾಯಿಗಳಲ್ಲಿ ನನ್ನ ಗಂಡ ಹಿರಿಯವನು. ಬೇಗ ತಿರುಗಿ ಬರುವ ಲಕ್ಷಣ ಕಾಣಲಿಲ್ಲ, ಹಾಗಾಗಿ ನನ್ನನ್ನೂ ಕರೆದುಕೊಂಡು ಹೋದ. ಚಾವಡಿ ಸುಟ್ಟವರಲ್ಲಿ ಮುಖ್ಯನೆಂದು ಪೊಲೀಸರು ಹುಡುಕುತ್ತಿದ್ದವನು ತಲೆ ತಪ್ಪಿಸಿಕೊಂಡಿದ್ದ. ಅವನ ಮನೆಯ ಎದುರಿಗೇ ನಮಗೆ ಮನೆ ಕೊಡಿಸಿದ್ದರು. ಯಾಕೆ ಎಂದು ಕೇಳುವಷ್ಟು ದಡ್ಡಳು ನಾನಾಗಿರಲಿಲ್ಲ.

ಊರು ನಮ್ಮೊಡನೆ ಮಾತು ಬಿಟ್ಟಿತ್ತು. ನಾನು ಬಾವಿಗೆ ಹೋದರೆ ಹೆಂಗಸರು ಅರ್ಧ ತುಂಬಿದ ಕೊಡವನ್ನೇ ಎತ್ತಿಕೊಂಡು ನಡೆಯುತ್ತಿದ್ದರು. ಮೊಸರಿಗೆ ಹೆಪ್ಪು ಕೇಳಿದರೆ ಇದ್ದ ಮನೆಯಲ್ಲೂ ಇಲ್ಲ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು, ನಾನೂ ಮುಖ ತಿರುವಿ ಬರುತ್ತಿದ್ದೆ. ಆದರೆ ಮನೆಗೆ ಬಂದು ಒಲೆ ಮುಂದೆ ಕೂತು ಅಳುತ್ತಿದ್ದೆ.

ಹೀಗಿರುವಾಗ ನಾನು ಜ್ವರ ಬಂದು ಮಲಗಿದೆ. ಗಂಡ ಬಂದೋಬಸ್ತಿಗೆ ಹೋಗಿದ್ದ. ಎದುರು ಮನೆಯ ಮುದುಕಿ, ಆ ತಲೆ ತಪ್ಪಿಸಿಕೊಂಡವನ ತಾಯಿ, ಸೊಸೆಯ ಕೈಯಲ್ಲಿ ಗಂಜಿಯ ತಂಬಿಗೆ ಹಿಡಿಸಿಕೊಂಡು ಒಳಗೆ ಬಂದಳು.

“ಎದ್ದ ಕುಡಿಯವಾ,” ಎಂದಳು. “ಊರಾಗಿನವ್ರು ಏನಾರ ಅನ್ಲಿ. ಜ್ವರ ಬಂದಾಕಿಗೆ ಪೊಲೀಸರ ಹೇಣ್ತಿ ಅಂತ ಬ್ಯಾರೆ ಗಂಜಿ ಇರತೈತೇನು?”

ಸೊಸೆ ನನಗಿಂತ ಸಣ್ಣವಳು, ಮೈ ತುಂಬ ನಾಚಿಕೆ. ನಾನು ಏಳುವತನಕ ದಿನಾ ಬಂದು ನನ್ನ ತಲೆಗೆ ಎಣ್ಣೆ ಹಚ್ಚಿದಳು.

ಆಮೇಲೆ ನಾನು ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುವಾಗ ಅವರ ಮನೆ ಕಾಣುತ್ತಿತ್ತು, ನೋಡದೆ ಇರುವುದು ಸಾಧ್ಯವಿರಲಿಲ್ಲ. ಸುಗ್ಗಿ ಮುಗಿದ ಹೊಲಗಳಲ್ಲಿ ಗೊಬ್ಬರಕ್ಕೆಂದು ರೈತರು ಕುರಿ ನಿಲ್ಲಿಸುತ್ತಾರೆ, ಅದಕ್ಕೆ ಕುರುಬರಿಗೆ ಜೋಳ ಕೊಡುತ್ತಾರೆ. ಜೋಳ ಇಸಿದುಕೊಳ್ಳಲು ಕಂಬಳಿ ಹೊದ್ದವನೊಬ್ಬ ಆ ಮನೆಗೆ ಹಗಲು ಹೊತ್ತಿನಲ್ಲೇ ಬರುತ್ತಿದ್ದ. ಮೊದಲ ಸಲ ನನಗೇನೂ ಅನ್ನಿಸಲಿಲ್ಲ. ಎರಡನೆಯ ಸಲ ಅವನ ಹಿಂಡು ಹಳ್ಳ ದಾಟಿ ಆಚೆ ದಿಬ್ಬ ಏರಿದರೂ ಇವನು ಮನೆಯಿಂದ ಹೊರಗೆ ಬರಲಿಲ್ಲ. ಕುರಿ ಬಿಟ್ಟು ಇಷ್ಟು ಹೊತ್ತು ಕೂರುವ ಕುರುಬನನ್ನು ನಾನು ಕಂಡಿಲ್ಲ. ಅವನು ಹೋದ ಮೇಲೆ ಸೊಸೆ ಬಾಗಿಲಿಗೆ ಬಂದು ನಿಂತಳು. ಮುಖ ತೊಳೆದು ಕುಂಕುಮ ಇಟ್ಟುಕೊಂಡಿದ್ದಳು. ನಾನು ಜೋಳದ ಮೊರದೊಳಗೆ ತಲೆ ಹುದುಗಿಸಿದೆ.

ಗಂಡನಿಗೆ ಹೇಳಲಿಲ್ಲ. ಹೇಳದ್ದಕ್ಕೆ ನನಗೆ ಆಗ ಎಷ್ಟು ಹೆಮ್ಮೆ ಎಂದರೆ, ಇಡೀ ಸರಕಾರಕ್ಕೆ ನಾನೊಬ್ಬಳೇ ಮಣ್ಣು ಮುಕ್ಕಿಸಿದಷ್ಟು.

ಕೆಲವು ದಿನಗಳಿಗೆ ಗೋಕಾಕದಿಂದ ಫೌಜದಾರರು ಬಂದರು. ನಮ್ಮ ಮನೆಯಲ್ಲೇ ಚಹಾ. ಓಣಿಯ ಜನ ಬಾಗಿಲಲ್ಲಿ, ಕಿಂಡಿಯಲ್ಲಿ ಕಿವಿಯಾಗಿ ನಿಂತಿದ್ದರು.

“ಬಾಯಿ, ನೀವು ದಿನಾ ಎದುರಿಗೇ ಕುಂದರ್ತೀರಿ. ಆ ಮನಿಗೆ ಯಾರರ ಬರ್ತಾರೇನು? ಖರೆ ಹೇಳ್ರಿ,” ಎಂದು ಕೇಳಿದರು.

“ಯಾರೂ ಬರೂದಿಲ್ರಿ ಸಾಹೇಬ್ರ” ಎಂದು ಅಲ್ಲಿಗೇ ನಿಲ್ಲಿಸಿದ್ದರೆ ಸಾಕಿತ್ತು. ನನ್ನ ಬಾಯಿ ಯಾವಾಗ ಅಲ್ಲಿಗೇ ನಿಂತಿದೆ? ಓಣಿಗೆಲ್ಲ ಕೇಳುವಂತೆ, “ಗಂಡು ಬೆಕ್ಕು ಸೈತ ಆ ಹೊಸ್ತಲಾ ದಾಟಿಲ್ರಿ,” ಎಂದುಬಿಟ್ಟೆ. ಫೌಜದಾರರು ನಕ್ಕರು. ಕಿಂಡಿಗಳ ಹಿಂದೆಯೂ ನಗು ಕೇಳಿಸಿತು. ಮರುದಿನ ಬಾವಿಯಲ್ಲಿ ಒಬ್ಬ ಹೆಂಗಸು ತನ್ನ ಹಗ್ಗವನ್ನು ತಾನೇ ನನ್ನ ಕೈಗೆ ಕೊಟ್ಟಳು. ಊರು ನನ್ನನ್ನು ಮನುಷ್ಯಳೆಂದು ಒಪ್ಪಿಕೊಂಡಿತು.

ಎದುರು ಮನೆಯ ಸೊಸೆ ಬಸಿರಾಗಿದ್ದಾಳೆಂಬುದು ಆಗ ನನಗೆ ಗೊತ್ತಿರಲಿಲ್ಲ.

ಸೆರಗು ಎಷ್ಟು ಎಳೆದುಕೊಂಡರೂ ಹೊಟ್ಟೆ ಮುಚ್ಚುವುದಿಲ್ಲ. ಬಾವಿಯ ಹೆಂಗಸರ ಮಾತು ಸಣ್ಣದಾಯಿತು. ಗಂಡ ಊರು ಬಿಟ್ಟು ಯಾವ ಕಾಲವಾಯಿತು, ಇದು ಯಾರದು? ಅವಳ ಗಂಡ ಬಂದು ಹೋಗಿರಬಹುದು ಎಂದು ಯಾರಾದರೂ ಅಂದರೆ ಇನ್ನೊಬ್ಬರ ಬಳಿ ಉತ್ತರ ತಯಾರಿತ್ತು: ಪೊಲೀಸರ ಹೆಂಡತಿಯೇ ಹೇಳಿದ್ದಾಳಲ್ಲ, ಗಂಡು ಬೆಕ್ಕು ಸೈತ ದಾಟಿಲ್ಲ ಅಂತ. ನನ್ನ ಮಾತು ಸಾಕ್ಷಿಯಾಗಿ ಓಣಿ ಓಣಿ ತಿರುಗಿತು. ಅವನನ್ನು ಉಳಿಸಲು ಆಡಿದ ಮಾತು ಅವಳ ಕೊರಳಿಗೆ ಬಿತ್ತು.

ನಮ್ಮ ಕಡೆ ಬಸುರಿಗೆ ಏಳನೆಯ ತಿಂಗಳಲ್ಲಿ ಕುಬಸ ಮಾಡುತ್ತಾರೆ. ತವರಿನವರು ಹಸಿರು ಸೀರೆ, ಕುಬಸದ ಕಣ, ಬಳೆ, ಬುತ್ತಿ ತರಬೇಕು. ಗಂಡ ಹೆಂಡತಿಯನ್ನು ಜೋಡಿಯಾಗಿ ಕೂರಿಸಿ ಮುತ್ತೈದೆಯರು ಆರತಿ ಎತ್ತಬೇಕು. ತವರಿನಿಂದ ಕುಬಸ ಬರಲಿಲ್ಲವೆಂದರೆ ಆ ಹೆಣ್ಣನ್ನು ಹುಟ್ಟಿದ ಮನೆಯೇ ಕೈಬಿಟ್ಟಿತು ಎಂದರ್ಥ. ಆಮೇಲೆ ಅವಳಿಗೆ ನಿಲ್ಲಲು ನೆಲವಿಲ್ಲ, ಕೂಸಿಗೆ ಹೆಸರಿಲ್ಲ. ಅವಳ ಅಣ್ಣ ಕೊಣ್ಣೂರದವನು. ಗಾಳಿಮಾತು ಅಲ್ಲಿಗೂ ಮುಟ್ಟಿತ್ತು. ಅವನು ಬಂದು ಗುಡಿಯ ಕಟ್ಟೆಯ ಮೇಲೆ ಹಿರಿಯರೆದುರು ಹೇಳಿಬಿಟ್ಟ: “ಇದು ಬಗಿಹರಿಯೂ ಮಟಾ ನಾವು ಕುಬಸಾ ತರಂಗಿಲ್ರಿ.”

ಮುದುಕಿ ಅಂದು ಮಧ್ಯಾಹ್ನ ಹಿತ್ತಲ ಬಾಗಿಲಿನಿಂದ ನನ್ನ ಬಳಿ ಬಂದಳು.

“ಯವ್ವಾ, ನಾ ಹೇಳಿದ್ರ ಯಾರೂ ನಂಬಾಂಗಿಲ್ಲ. ಅತ್ತಿ ಸೊಸಿನ್ನ ಮುಚ್ಚಾಕತ್ತಾಳ ಅಂತಾರ. ನೀ ನೋಡೀದಿ. ನೀ ನೋಡೂದನ್ನ ನಾ ನೋಡೇನಿ. ಕಟ್ಟಿಗೆ ಬಂದ ಒಂದ ಮಾತ ಹೇಳ. ಹೌದು, ಗಂಡ ಬಂದಿದ್ದ ಅನ್ನು. ಅಷ್ಟ ಸಾಕು.”

“ನಿಮ್ಮ ಮಗನ್ನ ಹಿಡಿತಾರಲ್ಲವಾ?” ಎಂದೆ.

“ಆಂವ ಇನ್ನ ಬರಾಂಗಿಲ್ಲ. ದೂರ ಹೋಗಂತ ಹೇಳಿ ಕಳಸ್ತೇನಿ. ಆಕಿ ಹೆಸರೊಂದ ಉಳೀಲಿ.”

ಬರುತ್ತೇನೆ ಎಂದೆ. ಹೋದೆ ಕೂಡ. ಕಟ್ಟೆಯ ಮೇಲೆ ಹಿರಿಯರು, ಒಂದು ಕಂಬಕ್ಕೆ ಒರಗಿ ಅವಳ ಅಣ್ಣ, ಕೆಳಗೆ ಹೆಂಗಸರ ಗುಂಪಿನಲ್ಲಿ ತಲೆ ತಗ್ಗಿಸಿ ಅವಳು. ಗುಂಪಿನ ಹಿಂದೆ ನನ್ನ ಗಂಡ ಬಂದು ನಿಂತದ್ದನ್ನು ಕಂಡೆ, ಮೈಮೇಲೆ ಖಾಕಿ. ಫೌಜದಾರರ ಮುಂದೆ ಹೆಂಡತಿ ಸುಳ್ಳು ಹೇಳಿದ್ದಳೆಂದು ಬಯಲಾದರೆ ಅವನ ಪಟ್ಟಾ ಬಿಚ್ಚಿಸಿ ಮನೆಗೆ ಕಳಿಸುತ್ತಿದ್ದರು. ಮನೆಯೆಂದರೆ ಹತ್ತರಗಿಯಲ್ಲಿ ನನ್ನ ಅಣ್ಣಂದಿರ ಬಾಗಿಲು, ಇನ್ನೊಂದು ಗತಿಯಿರಲಿಲ್ಲ. ಇದೆಲ್ಲ ಕಣ್ಣು ಮುಚ್ಚಿ ತೆರೆಯುವುದರೊಳಗೆ ತಲೆಯಲ್ಲಿ ಬಂತು.

“ಹೇಳ್ರಿ ತಂಗಿ, ಆ ಮನಿಗೆ ಈಕಿ ಗಂಡ ಬಂದದ್ದ ನೀವು ನೋಡೀರೇನು?” ಎಂದರು ಹಿರಿಯರೊಬ್ಬರು.

“ನಾ ಯಾರನ್ನೂ ನೋಡಿಲ್ರಿ,” ಎಂದೆ.

ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ಅವಳು ಬಯ್ದಿದ್ದರೆ ನನಗೂ ತಿರುಗಿ ಬಯ್ಯಲು ಬರುತ್ತಿತ್ತು. ಅವಳ ಅಣ್ಣ ಕಟ್ಟೆ ಇಳಿದು ತಂಗಿಯ ಮುಖವನ್ನೂ ನೋಡದೆ ಚಕ್ಕಡಿ ಹೂಡಿದ. ಮುದುಕಿ ಸೊಸೆಯ ರಟ್ಟೆ ಹಿಡಿದು ಮನೆಗೆ ನಡೆಸಿಕೊಂಡು ಹೋದಳು. ನಾನು ಅವರ ಹಿಂದೆ ಹೋಗಬೇಕೆಂದುಕೊಂಡೆ, ಹೋಗಲಿಲ್ಲ. ನಾಚಿಕೆಯಿಂದ ಸತ್ತೇ ಹೋಗುತ್ತೇನೆ ಅನ್ನಿಸಿತು, ಆದರೆ ಮನೆಗೆ ಬಂದು ಅಡಿಗೆ ಮಾಡಿ ಉಂಡೆ.

ವಾರ ಕಳೆದಿರಲಿಲ್ಲ. ಬೆಳಗಿನ ಬಿಸಿಲು ಏರುವ ಹೊತ್ತಿಗೆ ಅವನು ಬಂದ. ಕಂಬಳಿ ಇಲ್ಲ, ಕುರಿ ಇಲ್ಲ. ತೊಳೆದ ಧೋತರ, ಬಿಳಿ ಟೊಪ್ಪಿಗೆ, ಹಣೆಯಲ್ಲಿ ವಿಭೂತಿ. ಊರ ಅಗಸೆಬಾಗಿಲಿನಿಂದ ಹಿಡಿದು ಓಣಿಯ ನಡುವೆ ಎಲ್ಲರಿಗೂ ಶರಣು ಹೇಳುತ್ತ ನಡೆದು ಬಂದು ತನ್ನ ಮನೆಯ ಕಟ್ಟೆಯ ಮೇಲೆ ಕೂತ. ಅಲ್ಲಿಂದಲೇ ನನ್ನ ಗಂಡನನ್ನು ಕೂಗಿದ.

“ಬರ್ರಿ ಪೊಲೀಸಪ್ಪಾರ. ನಾ ಎಲ್ಲೂ ಓಡೂದಿಲ್ಲ. ಹೇಣ್ತಿ ಕುಬಸಾ ಮುಗೀಲಿ, ಆಮ್ಯಾಲೆ ಕರಕೊಂಡ ಹೋಗ್ರಿ.” ನೆರೆದವರ ಕಡೆ ತಿರುಗಿ ದನಿ ಎತ್ತರಿಸಿದ. “ಆಕಿ ಹೊಟ್ಟ್ಯಾಗ ಇರೂದು ನನ್ನ ಕೂಸು. ನಾ ಬಂದ ಹೋಗೇನಿ. ಎಲ್ಲಾರೂ ಕೇಳ್ಕೋರಿ.”

ನನ್ನ ಗಂಡ ಕೆಟ್ಟವನಲ್ಲ. ಒಬ್ಬ ಸಿಪಾಯಿಯನ್ನು ಗೋಕಾಕಕ್ಕೆ ವರದಿ ಕೊಡಲು ಓಡಿಸಿ, ತಾನು ಬೇಡಿ ತೊಡೆಯ ಮೇಲಿಟ್ಟುಕೊಂಡು ನಮ್ಮ ಕಟ್ಟೆಯ ಮೇಲೆ ಕೂತು ಕಾದ. ಕೊಣ್ಣೂರಕ್ಕೆ ಯಾರೋ ಸೈಕಲ್ ಮೇಲೆ ಹೋದರು. ಮಧ್ಯಾಹ್ನಕ್ಕೆ ಅಣ್ಣನ ಚಕ್ಕಡಿ ಬಂತು. ಹಸಿರು ಸೀರೆಯ ಗಂಟು ಹೊತ್ತು ತಂದವನು ತಂಗಿಯ ಕಾಲ ಬಳಿ ಕೂತು ಅತ್ತ.

ನಾನು ಬಾಗಿಲ ಹಿಂದೆ ನಿಂತಿದ್ದೆ. ಮುದುಕಿ ಓಣಿ ದಾಟಿ ಬಂದು ಕರೆದಳು: “ಬಾರವಾ. ನೀನೂ ಮುತ್ತೈದಿ ಅದೀ.”

ಅವಳ ಹಿಂದೆ ಹೋದೆ. ಇಬ್ಬರನ್ನೂ ಮಣೆಯ ಮೇಲೆ ಕೂರಿಸಿದ್ದರು. ಅವಳ ಉಡಿ ತುಂಬಿದ್ದರು, ಕೈತುಂಬ ಹೊಸ ಹಸಿರು ಬಳೆ. ಹೆಂಗಸರು ಸೋಬಾನ ಹಾಡುತ್ತಿದ್ದರು, ಹಾಡುತ್ತಲೇ ಕಣ್ಣು ಒರೆಸಿಕೊಳ್ಳುತ್ತಿದ್ದರು. ನನ್ನ ಸರದಿ ಬಂದಾಗ ತಟ್ಟೆ ಎತ್ತಿ ಇಬ್ಬರಿಗೂ ಆರತಿ ಬೆಳಗಿದೆ. ಅವಳು ಕಣ್ಣೆತ್ತಲಿಲ್ಲ. ಅವನು ಮಾತ್ರ ನನ್ನ ಮುಖ ನೋಡಿ, ಸಿಟ್ಟಿಲ್ಲದೆ, ಮನೆಯ ಮಾತಿನ ಹಾಗೆ ಕೇಳಿದ:

“ಅಕ್ಕಾರ, ಈಗರೆ ನನ್ನ ನೋಡಿದ್ರಲ್ರಿ?”

ನಾನು ತಟ್ಟೆಯನ್ನು ಪಕ್ಕದವಳ ಕೈಗೆ ದಾಟಿಸಿದೆ.

ಬಿಸಿಲು ಇಳಿಯುವ ಮುಂಚೆ ಅವನನ್ನು ಕರೆದುಕೊಂಡು ಹೋದರು. ಅವನಿಗೆ ಜೈಲಾಯಿತು. ಕೂಸು ಹುಟ್ಟಿದಾಗ ಅವನು ಒಳಗಿದ್ದ. ನಮಗೆ ಅಷ್ಟರೊಳಗೆ ಹುಕ್ಕೇರಿಗೆ ವರ್ಗವಾಗಿತ್ತು. ಅಂಥ ದೊಡ್ಡ ಆಸಾಮಿಯನ್ನು ಹಿಡಿದನೆಂದು ನನ್ನ ಗಂಡನನ್ನು ಹವಾಲ್ದಾರನನ್ನಾಗಿ ಮಾಡಿದರು. ತೋಳಿನ ಪಟ್ಟಿಗಳನ್ನು ತಂದು ಹೊಲಿ ಎಂದು ನನ್ನ ಕೈಗೆ ಕೊಟ್ಟ. ಸೂಜಿಗೆ ದಾರ ಪೋಣಿಸುತ್ತಿದ್ದೆ. ಅವನು ಚಹಾ ಕುಡಿಯುತ್ತ, ಸಂತೆಗೆ ಹೋಗಿ ಬಂದ ಸುದ್ದಿ ಹೇಳುವ ಹಾಗೆ ಹೇಳಿದ:

“ಆ ಕುರುಬ ಯಾರಂತ ನನಗ ತಿಳಿಯೂದ್ರಾಗ ಆಂವ ಬರೂದ ಬಿಟ್ಟಿದ್ದ. ಆದ್ರ ನೀ ನೋಡಿದ್ದಿ ಅನ್ನೂದು ನನಗ ಗೊತ್ತಿತ್ತು. ಆವತ್ತ ಕಟ್ಟಿ ಮ್ಯಾಲ ನೀ ಖರೆ ಹೇಳಿದ್ರ ಆಂವ ಬರ್ತಿದ್ದಿಲ್ಲ. ನೀ ಇಲ್ಲ ಅಂದಿ, ಚಲೋ ಆತು.”

ನಾನು ಪಟ್ಟಿಗಳನ್ನು ಕಿತ್ತು ಬರದ ಹಾಗೆ ಗಟ್ಟಿಯಾಗಿ ಹೊಲಿದು ಕೊಟ್ಟೆ.