ಗೂಡಿನ ಕೋಣೆಯ ಮಂಕು ಬಲ್ಬು

ಮಾದಪ್ಪಣ್ಣ, ಅವತ್ತು ರೇಷ್ಮೆಗೂಡು ಸೀದುಹೋದದ್ದು ನನ್ನಿಂದ. ನೀನು ಮರೆತೆ ಎಂದು ಸಾಹುಕಾರರಿಗೆ ಹೇಳಿದವನೂ ನಾನೇ.

ಎಪ್ಪತ್ತರ ದಶಕದ ಮಾತು. ಕೊಳ್ಳೇಗಾಲದ ಆ ಗೂಡು ಒಣಗಿಸುವ ಕೋಣೆಗೆ ನಾನು ಎಲೆಕ್ಟ್ರಿಷಿಯನ್, ನೀನು ಕಾವು ನೋಡಿಕೊಳ್ಳುವವನು. ಕಾವು ಮಿತಿ ಮುಟ್ಟಿದಾಗ ಹೀಟರನ್ನು ತಾನಾಗಿ ನಿಲ್ಲಿಸಲು ಒಂದು ರಿಲೇ, ಅಂದರೆ ಕರೆಂಟಿನಿಂದಲೇ ನಡೆಯುವ ಸ್ವಿಚ್ಚು, ಬೇಕಿತ್ತು. ಗುಜರಿಯಲ್ಲಿ ಸಿಕ್ಕಿದ್ದು ಇಪ್ಪತ್ನಾಲ್ಕು ವೋಲ್ಟಿನದು. ಲೈನಿನಲ್ಲಿ ಇನ್ನೂರ ಮೂವತ್ತು. ಟ್ರಾನ್ಸ್‌ಫಾರ್ಮರ್ ತರಿಸಿ ಎನ್ನಲು ನನ್ನ ಜಂಬ ಬಿಡಲಿಲ್ಲ — ನಡುವೆ ಇಪ್ಪತ್ತೈದು ವಾಟಿನ ಬಲ್ಬೊಂದನ್ನು ಸಿಕ್ಕಿಸಿದೆ. ಹೆಚ್ಚಿನ ವೋಲ್ಟೇಜನ್ನು ಬಲ್ಬು ತಿಂದುಕೊಳ್ಳುತ್ತಿತ್ತು, ಉಳಿದದ್ದು ರಿಲೇಗೆ. ಸಾಹುಕಾರರು ಭೇಷ್ ಎಂದರು, ನಾನು ಉಬ್ಬಿಹೋದೆ. ಆ ಬಲ್ಬು ಬೆಳಕಿಗಲ್ಲ ಎಂದು ನಿನಗೆ ಮಾತ್ರ ಹೇಳಲಿಲ್ಲ.

ಒಂದು ಬೆಳಿಗ್ಗೆ ನೀನು ಬಂದು, "ಆ ಬಲ್ಬು ಬಲೇ ಮಂಕಾಗಿತ್ತು ಕಣಪ್ಪ, ನೂರರ್ದು ಆಕಿವ್ನಿ" ಎಂದೆ. ನಾನು ಹೂಂ ಅಂದೆ. ಅಂದೆನೋ, ಆಮೇಲೆ ನನ್ನ ಮನಸ್ಸೇ ಕಟ್ಟಿಕೊಂಡದ್ದೋ — ಇವತ್ತಿಗೂ ತಿಳಿಯದು. ಕೇಳಿಸಿಕೊಂಡಿದ್ದರೆ ಯಾಕೆ ಓಡಿಹೋಗಿ ಬಿಚ್ಚಲಿಲ್ಲ? ಕೇಳಿಸದಿದ್ದರೆ ಆ ಮಾತು ಕಿವಿಯಲ್ಲಿ ಹೇಗೆ ಉಳಿಯಿತು?

ಮಧ್ಯಾಹ್ನ ಸೀದ ವಾಸನೆ. ದೊಡ್ಡ ಬಲ್ಬಿನಿಂದ ಹೆಚ್ಚು ಕರೆಂಟು ಹರಿದು ರಿಲೇ ಸುಟ್ಟಿತ್ತು, ಹೀಟರ್ ನಿಂತಿರಲಿಲ್ಲ. ನೋಡಿದ ಕೂಡಲೇ ಅರ್ಥವಾಯಿತು. ಸಾಹುಕಾರರು ಬರುವ ಮೊದಲೇ ರಿಲೇ ಬಿಚ್ಚಿ ಜೇಬಿಗಿಳಿಸಿದೆ.

"ರಿಲೇ ಬೆಳಿಗ್ಗೇನೆ ರಿಪೇರಿಗೆ ಬಿಚ್ಚಿದ್ದೆ ಸಾ. ಹೀಟರ್ನ ಕೈಯಲ್ಲೇ ಆರ್ಸು ಅಂತ ಮಾದಪ್ಪಣ್ಣಂಗೆ ಯೋಳಿದ್ದೆ. ಮರ್ತವ್ನೆ" ಎಂದೆ ಅವರಿಗೆ.

ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸಿದ ಹಾಗೆ. ನೀನು ಜಗಳಕ್ಕೆ ಬರುತ್ತೀಯ ಎಂದುಕೊಂಡಿದ್ದೆ. ಬಂದಿದ್ದರೆ ನಾನು ಬಹುಶಃ — ಗೊತ್ತಿಲ್ಲ. ನೀನು ನನ್ನ ಮುಖವನ್ನೇ ನೋಡಿ, "ಯೋಳಿದ್ಯಾ? ಯೋಳಿರ್ಬೈದು ಕಣಪ್ಪ. ನಂಗೇ ಮರ್ತೋಗದೆ" ಎಂದೆ. ಅಂದೇ ನಿನ್ನನ್ನು ಕೆಲಸದಿಂದ ಬಿಡಿಸಿದರು. ನೀನು ನಿನ್ನೂರು ಲೊಕ್ಕನಹಳ್ಳಿಗೆ ಹೋಗಿ ದನ ನೋಡಿಕೊಂಡು ಇದ್ದುಬಿಟ್ಟೆ.

ಹೋದ ವಾರ ಬಸ್‌ಸ್ಟ್ಯಾಂಡಿನಲ್ಲಿ ನಿನ್ನ ತಮ್ಮ ಸಿಕ್ಕಿದ್ದ. "ನಮ್ಮಣ್ಣ ಕೊಟ್ಟಿಗೆ ಬಾಗ್ಲು ಆಕ್ದೋನೆ ಮತ್ತೆ ಎದ್ದೋಗಿ ನೋಡ್ತನೆ. ಗೂಡು ಸೀದ ದಿನದಿಂದ್ಲೂ ಇಂಗೇಯ. ನಂಗೆ ಮರ್ವು ಕಣ್ಲಾ ಅಂತನೆ" ಎಂದ. ನಿನ್ನ ಕೆಲಸವಷ್ಟೇ ಹೋಯಿತೆಂದು ಇಷ್ಟು ವರ್ಷ ತಿಳಿದಿದ್ದೆ. ನಿನ್ನ ಮೇಲೆ ನಿನಗಿದ್ದ ನಂಬಿಕೆಯನ್ನೇ ತೆಗೆದುಬಿಟ್ಟಿದ್ದೇನೆ.

ಆ ರಿಲೇ ಇನ್ನೂ ನನ್ನ ಹತ್ತಿರ ಇದೆ. ನಾಳೆ ಮೊದಲ ಬಸ್ಸಿಗೆ ಅದನ್ನು ತೆಗೆದುಕೊಂಡು ಬರುತ್ತೇನೆ. ಈ ಕಾಗದವನ್ನು ನಿನ್ನ ಮನೆ ಜಗಲಿಯಲ್ಲಿ, ನಾಲ್ಕು ಜನರ ಎದುರು ಗಟ್ಟಿಯಾಗಿ ಓದುತ್ತೇನೆ. ನೀನು ಏನನ್ನೂ ಮರೆತಿರಲಿಲ್ಲ, ಮಾದಪ್ಪಣ್ಣ. ನಾನು ನಿನಗೆ ಹೇಳಿಯೇ ಇರಲಿಲ್ಲ.