ಸಿಲೋನ್ ಸರ್ ಅವರ ಗ್ಯಾಲ್ವನೋಮೀಟರ್

ನನ್ನ ಅಂಗಡಿಯ ಗಲ್ಲಾದ ಮೇಲಿನ ಕಪಾಟಿನಲ್ಲಿ ಒಂದು ಕಪ್ಪು ಪೆಟ್ಟಿಗೆ ಇದೆ. ಮುಂದೆ ಗಾಜು, ಗಾಜಿನ ಹಿಂದೆ ಅಂಕಿಗಳು, ಒಂದು ತೆಳ್ಳನೆಯ ಮುಳ್ಳು. ಗುಜರಿ ತೂಕದಲ್ಲಿ ಅದು ನನಗೆ ಬಿದ್ದದ್ದು ನಲವತ್ತು ರೂಪಾಯಿ. ಸುತ್ತಿಗೆಯಿಂದ ಒಡೆದು ಕೊಟ್ಟಿದ್ದರಿಂದ ಅಷ್ಟು ಅಗ್ಗ. ಈಗ ಎಷ್ಟು ಕೊಟ್ಟರೂ ಮಾರುವುದಿಲ್ಲ. ಯಾಕೆ ಎಂಬುದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ, ನಂಬುವುದು ಬಿಡುವುದು ನಿಮಗೆ ಬಿಟ್ಟಿದ್ದು.

ನಾನಂತೂ ಇಂಥದ್ದನ್ನೆಲ್ಲ ನಂಬಿದವನಲ್ಲ. ಮಲೆಬೆನ್ನೂರಿನಲ್ಲಿ ಸೈಕಲ್ ಮೇಲೆ ಖಾಲಿ ಬಾಟಲಿ, ತುಕ್ಕು ಕಬ್ಬಿಣ ಕೂಡಿಸುತ್ತ ಬೆಳೆದು, ದಾವಣಗೆರೆಗೆ ಬಂದು ಮಂಡಿಪೇಟೆಯ ಹಿಂದಿನ ಗಲ್ಲಿಯಲ್ಲಿ ಸ್ವಂತ ಅಂಗಡಿ ಮಾಡಿದವನು. ಸತ್ತವರ ಮಂಚ, ಕನ್ನಡಕ, ಊರುಗೋಲು ಎಲ್ಲ ಕೊಂಡು ಮಾರಿದ್ದೇನೆ. ಯಾರೋ ಜೀವ ಕಳೆದುಕೊಂಡ ಕೋಣೆಯ ಫ್ಯಾನಿಗೆ ಬಣ್ಣ ಬಳಿದು ಮಾರಿದೆ, ಅದು ಇವತ್ತಿಗೂ ತಣ್ಣಗೆ ತಿರುಗುತ್ತಿದೆ. ವಸ್ತುವಿಗೆ ನೆನಪು ಇರುವುದಿಲ್ಲ, ತೂಕ ಮಾತ್ರ ಇರುತ್ತದೆ ಎಂದು ತಿಳಿದಿದ್ದೆ.

ಪೆಟ್ಟಿಗೆಯ ಹೆಸರು ಗ್ಯಾಲ್ವನೋಮೀಟರ್. ತೀರಾ ಸಣ್ಣ ಕರೆಂಟು ಹರಿದರೂ ಅದರ ಮುಳ್ಳು ಸರಿದು ತೋರಿಸುತ್ತದೆ. ಅದು ಡಾಕ್ಟರ್ ಕನಕರತ್ನಂ ಅವರದು. ಶ್ರೀಲಂಕಾದ ಜಾಫ್ನಾ ಕಡೆಯವರು, ಅಲ್ಲಿ ಭೌತಶಾಸ್ತ್ರದ ವಿದ್ವಾಂಸರು. ಗಲಾಟೆಯಲ್ಲಿ ಮನೆಮಂದಿಯನ್ನೆಲ್ಲ ಕಳೆದುಕೊಂಡು ದೋಣಿ ಹತ್ತಿದವರು. ಎಲ್ಲೆಲ್ಲೋ ಪಾಠ ಹೇಳಿ, ಕೊನೆಗೆ ದಾವಣಗೆರೆ ಹತ್ತಿರದ ಆನಗೋಡಿನ ಆಚೆಗಿದ್ದ ಒಂದು ಸಣ್ಣ ಖಾಸಗಿ ವಿಶ್ವವಿದ್ಯಾಲಯಕ್ಕೆ ಮೇಷ್ಟ್ರಾಗಿ ಬಂದರು. ಕನ್ನಡವನ್ನು ಪುಸ್ತಕ ಓದಿ ಕಲಿತಿದ್ದರು, ಹಾಗೆಯೇ ಮಾತಾಡುತ್ತಿದ್ದರು. ನಾವೆಲ್ಲ ಅವರನ್ನು ಸಿಲೋನ್ ಸರ್ ಎನ್ನುತ್ತಿದ್ದೆವು.

ಆಡಳಿತ ಮಂಡಳಿಯವರು ಜಾಣರು. ಈ ಮನುಷ್ಯನಿಗೆ ಹಿಂದೆ ಮುಂದೆ ಯಾರೂ ಇಲ್ಲ, ಶಿಫಾರಸು ಹಿಡಿದು ಬರುವ ನೆಂಟರಿಲ್ಲ, ಕೆಟ್ಟ ಹೆಸರು ಬಂದರೆ ಅವನೊಬ್ಬನಿಗೇ ಬರುತ್ತದೆ ಎಂದು ಲೆಕ್ಕ ಹಾಕಿ ಅವರನ್ನು ರಿಜಿಸ್ಟ್ರಾರ್ ಮಾಡಿದರು. ಮೇಷ್ಟ್ರಾಗಿದ್ದಾಗ ಮಕ್ಕಳು ಅವರನ್ನು ಪ್ರೀತಿಸುತ್ತಿದ್ದರಂತೆ. ಕುರ್ಚಿಯಲ್ಲಿ ಕೂತ ಮೇಲೆ ಪ್ರೀತಿಸುವವರು ಯಾರೂ ಉಳಿಯಲಿಲ್ಲ. ಲ್ಯಾಬಿನ ಒಂದು ಗಾಜಿನ ಪಟ್ಟಕ, ಅಂದರೆ ಪ್ರಿಸಂ, ಕಾಣೆಯಾಗಿದ್ದಕ್ಕೆ ಸ್ಟೋರ್ ಕೀಪರ್ ರುದ್ರಪ್ಪನ ಇನ್‌ಕ್ರಿಮೆಂಟ್ ನಿಲ್ಲಿಸಿದರು. ಹತ್ತು ನಿಮಿಷ ತಡವಾಯಿತೆಂದು ನನ್ನ ಗುಜರಿ ಟೆಂಡರ್ ಕವರನ್ನು ತೆರೆಯದೆ ವಾಪಸ್ ಕೊಟ್ಟು, “ನಿಯಮ ಎಂದರೆ ನಿಯಮ, ದಯವಿಟ್ಟು ಹೊರಡಿ” ಎಂದರು. ಅದನ್ನು ನಾನು ಮರೆಯಲಿಲ್ಲ.

ಭೌತಶಾಸ್ತ್ರಕ್ಕೆ ಮಕ್ಕಳು ಸೇರುವುದು ಕಡಿಮೆಯಾಯಿತು. ಆ ವಿಭಾಗ ಮುಚ್ಚಿ ಅಲ್ಲಿ ಕಂಪ್ಯೂಟರ್ ಇಡಬೇಕೆಂದು ಮಂಡಳಿ ತೀರ್ಮಾನಿಸಿತು. ಆದೇಶಕ್ಕೆ ಸಹಿ ಹಾಕಬೇಕಾದವರು ರಿಜಿಸ್ಟ್ರಾರ್. ಹಾಕಿದರು. ಈ ಸಲ ಹೊತ್ತಿಗೆ ಮೊದಲೇ ಕವರ್ ಕೊಟ್ಟಿದ್ದೆ, ಹಳೆಯ ಉಪಕರಣಗಳ ಗುಜರಿ ನನಗೆ ಸಿಕ್ಕಿತು. ಅಲ್ಲಿ ಒಂದು ಪದ್ಧತಿ ಇತ್ತು: ಕಂಡಂ ಮಾಡಿದ, ಅಂದರೆ ಕೆಲಸಕ್ಕೆ ಬಾರದೆಂದು ಬರೆದುಹಾಕಿದ ಸಾಮಾನನ್ನು ಸಮಿತಿಯ ಎದುರಿಗೇ ಒಡೆದು ಕೊಡಬೇಕು. ಇಲ್ಲದಿದ್ದರೆ ನಮ್ಮಂಥವರು ಪಾಲಿಶ್ ಹೊಡೆದು ಅದನ್ನೇ ಹೊಸದೆಂದು ವಾಪಸ್ ಮಾರುತ್ತೇವೆ. ಸುಳ್ಳಲ್ಲ, ನಾನೂ ಮಾರಿದ್ದೇನೆ. ಆ ಪದ್ಧತಿ ತಂದವರೂ ಸಿಲೋನ್ ಸರ್, ಸಮಿತಿಯ ಅಧ್ಯಕ್ಷರೂ ಅವರೇ.

ಅವತ್ತು ಬೆಳಗ್ಗೆ ಲ್ಯಾಬಿನ ಅಂಗಳದಲ್ಲಿ ಒಂದೊಂದಾಗಿ ಸಾಮಾನು ತಂದಿಟ್ಟು ರುದ್ರಪ್ಪ ತಾನೇ ಸುತ್ತಿಗೆ ಹಿಡಿದಿದ್ದ. ಈ ಪೆಟ್ಟಿಗೆ ಬಂದಾಗ ಸಿಲೋನ್ ಸರ್, “ಅದನ್ನು ಬದಿಗಿಡಿ. ಅದು ನನ್ನ ಸ್ವಂತದ್ದು” ಎಂದರು.

ರುದ್ರಪ್ಪ ಅದನ್ನು ತಿರುಗಿಸಿ, ಬಿಳಿ ಬಣ್ಣದ ಅಂಕಿ ತೋರಿಸಿದ. “ಇದ್ರ ಮ್ಯಾಲೆ ನಂಬರ್ ಐತಲ್ರಿ ಸರ. ಸ್ಟಾಕ್ ಬುಕ್ಕಿಗೆ ಏರ್ಸಿದ್ದು ನೀವ. ಕೈಬರಹ ತೋರ್ಸಲೇನ್ರಿ?”

ನಿಜ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಲ್ಯಾಬಿನಲ್ಲಿ ನಂಬರ್ ಇಲ್ಲದ ವಸ್ತು ಇರಬಾರದೆಂದು ಅವರೇ ತಮ್ಮ ಪೆಟ್ಟಿಗೆಯನ್ನು ಸಂಸ್ಥೆಯ ಆಸ್ತಿ ಎಂದು ಬರೆದಿದ್ದರು. ರುದ್ರಪ್ಪ ಸುತ್ತಿಗೆ ಎತ್ತಿ ಹಿಡಿದ.

“ಪಟ್ಟಕ ಹೋದಾಗ ನನಗ ನಿಯಮ ಹೇಳಿದ್ರಿ. ಈಗ ಹೊಡೀಲೋ ಬ್ಯಾಡೋ, ಬಾಯಿಬಿಟ್ಟು ಹೇಳ್ರಿ.”

ಸುತ್ತ ನಿಂತ ಗುಮಾಸ್ತರು ನಗುತ್ತಿದ್ದರು. ನಾನೂ ನಕ್ಕೆ. ಸಿಲೋನ್ ಸರ್ ನೆಲ ನೋಡುತ್ತ, “ನಿಯಮದಂತೆ ಮಾಡಿ” ಎಂದರು. ಒಂದು ಏಟಿಗೆ ಆಗುವುದನ್ನು ರುದ್ರಪ್ಪ ಮೂರು ಏಟು ಹೊಡೆದ.

ಅಂಗಡಿಗೆ ತಂದ ಮೇಲೆ ಪೆಟ್ಟಿಗೆ ಬಿಚ್ಚಿ ಒಳಗಿನ ಅಯಸ್ಕಾಂತ, ತಾಮ್ರದ ಸುರುಳಿ ಕಿತ್ತು ತೂಕಕ್ಕೆ ಮಾರಿದೆ. ಹೋಟೆಲುಗಳಲ್ಲಿ ಹಳೆ ಸಾಮಾನನ್ನು ಅಲಂಕಾರಕ್ಕೆ ಇಡುತ್ತಾರಲ್ಲ, ಅದಕ್ಕಾದೀತೆಂದು ಜಜ್ಜಿದ ಪೆಟ್ಟಿಗೆಯನ್ನು ತಟ್ಟಿ ಸರಿಮಾಡಿ, ಹೊಸ ಗಾಜು ಕೂರಿಸಿ, ಮುಳ್ಳನ್ನು ಸೊನ್ನೆಯ ಮೇಲೆ ನಿಲ್ಲಿಸಿ ಒಂದು ತೊಟ್ಟು ಅಂಟು ಹಾಕಿದೆ. ಇದು ನೆನಪಿರಲಿ: ಒಳಗೆ ಏನೂ ಇರಲಿಲ್ಲ, ಮುಳ್ಳು ಅಂಟಿತ್ತು, ಎರಡನ್ನೂ ಮಾಡಿದ್ದು ನನ್ನದೇ ಕೈ.

ಕೆಲವು ತಿಂಗಳಿಗೆ ಸಿಲೋನ್ ಸರ್ ಅವರ ಕೆಲಸ ಹೋಯಿತು. ವಿಭಾಗ ಮುಚ್ಚಿಸಿದ ಅಪವಾದವನ್ನೂ ಮಂಡಳಿ ಅವರ ತಲೆಗೇ ಕಟ್ಟಿತು. ಒಂದು ದಿನ ಅಂಗಡಿಗೆ ಬಂದರು. ಕಪಾಟಿನಲ್ಲಿದ್ದ ಪೆಟ್ಟಿಗೆ ನೋಡಿದರು, ಬೆಲೆ ಕೇಳಿದರು. ಬಾಯಿಗೆ ಬಂದದ್ದು ಹೇಳಿದೆ, ತಕ್ಷಣ ಒಪ್ಪಿಕೊಂಡರು. ಚೌಕಾಸಿ ಇಲ್ಲದೆ ಒಪ್ಪಿದರೆ, ಕಡಿಮೆ ಹೇಳಿಬಿಟ್ಟೆನಲ್ಲ ಎಂದು ವ್ಯಾಪಾರಿಗೆ ಸಂಕಟವಾಗುತ್ತದೆ. ಬೇರೆಯವರು ಕೇಳಿದ್ದಾರೆ, ನಾಳೆ ಬನ್ನಿ ಎಂದುಬಿಟ್ಟೆ.

ನನ್ನ ಮನಸ್ಸು ಕರಗಲಿ ಎಂದೋ ಏನೋ, ಅವರು ಅದರ ಕಥೆ ಹೇಳಿದರು. ದೋಣಿಯಲ್ಲಿ ಅದನ್ನು ತಾಯಿಯ ಸೀರೆಯಲ್ಲಿ ಸುತ್ತಿ ತಂದರಂತೆ. ದಡ ಸೇರಿದ ಮೇಲೆ, ಕೆಟ್ಟಿದೆಯೋ ಏನೋ ಎಂದು ಒದ್ದೆ ಬೆರಳುಗಳನ್ನು ಅದರ ತಂತಿ ಕಟ್ಟುವ ಎರಡು ತಿರುಪುಗಳ ಮೇಲೆ ಇಟ್ಟರಂತೆ. ಮುಳ್ಳು ಏಳರವರೆಗೆ ಹೋಯಿತಂತೆ. “ಅಂದು ನನ್ನ ಜೊತೆ ಬದುಕಿ ಉಳಿದದ್ದು ಅದೊಂದೇ” ಎಂದರು. ಅದನ್ನು ಕೇಳಿ ನಾನು ಮಾಡಿದ್ದೇನು ಗೊತ್ತೇ? ಮರುದಿನ ಬೆಲೆ ಮೂರು ಪಟ್ಟು ಹೇಳಿದೆ. ಅಷ್ಟೂ ಹೊಂದಿಸಿಕೊಂಡು ಮತ್ತೆ ಬಂದಾಗ, “ನಮ್ಮ ಅಂಗಡಿಗೂ ನಿಯಮ ಐತ್ರಿ ಸರ. ಹತ್ತು ನಿಮಿಷ ತಡ ಮಾಡಿದ್ರಿ, ಹೋಟೆಲ್‌ನೋರಿಗೆ ಮಾತು ಕೊಟ್ಬಿಟ್ಟೆ” ಎಂದೆ. ಯಾವ ಹೋಟೆಲಿನವರೂ ಕೇಳಿರಲಿಲ್ಲ.

ವಾರ ಬಿಟ್ಟು ಹನ್ನೊಂದು ಗಂಟೆ ಬಿಸಿಲಿನಲ್ಲಿ ಬರಿಗೈಯಲ್ಲಿ ಬಂದರು. ಒಮ್ಮೆ ಮುಟ್ಟಲೇ ಎಂದು ಕೇಳಿದರು. “ಮುಟ್ಟಾಕ ರೊಕ್ಕ ಇಲ್ಲ, ಮುಟ್ರಿ” ಎಂದು ಪೆಟ್ಟಿಗೆಯನ್ನು ಗಲ್ಲಾದ ಮೇಲೆ ಇಟ್ಟೆ. ಅವರು ಎರಡು ಬೆರಳು ನಾಲಿಗೆಗೆ ಒತ್ತಿ ತಿರುಪುಗಳ ಮೇಲೆ ಇಟ್ಟರು. ಸತ್ತ ಡಬ್ಬಿಯ ಮುಂದೆ ಇವರ ಅವತಾರ ನೋಡಿ ನಗು ಬರುತ್ತಿತ್ತು.

ಮುಳ್ಳು ಸರಿಯಿತು.

ನಡುಗಲಿಲ್ಲ, ಜಿಗಿಯಲಿಲ್ಲ. ಸೊನ್ನೆ ಬಿಟ್ಟು ನಿಧಾನವಾಗಿ ಬಲಕ್ಕೆ ಹೋಗಿ ನಿಂತಿತು. ಅವರು ಬಗ್ಗಿ, ಮಕ್ಕಳಿಗೆ ಓದಿ ಹೇಳುವ ಹಾಗೆ, “ಏಳು” ಎಂದರು. ಬೆರಳು ತೆಗೆದರು, ನೆಟ್ಟಗಾದರು, ಹೋದರು. ಮುಳ್ಳು ಮಾತ್ರ ಅಲ್ಲೇ ನಿಂತಿತು.

ನಾನು ಬೆರಳು ಇಟ್ಟೆ, ಕುಲುಕಿದೆ, ಬೋರಲು ಹಾಕಿದೆ. ಏನೂ ಆಗಲಿಲ್ಲ. ಮಧ್ಯಾಹ್ನ ಅಂಗಡಿ ಮುಚ್ಚಿ ಹರಿಹರಕ್ಕೆ ಬಸ್ ಹತ್ತಿದೆ. ಅಲ್ಲಿ ಲೇತ್ ಕೆಲಸದ ಇಬ್ರಾಹಿಂ ಸಾಬರು ನನ್ನ ಹಳೆಯ ಗೆಳೆಯರು, ಕಣ್ಣಿಗೆ ಕಂಡದ್ದನ್ನು ಮಾತ್ರ ಹೇಳುವವರು. ಗಾಜು ತೆಗೆದು ನೋಡಿದರು. “ಖಾಲಿ ಡಬ್ಬಾ ಐತಲ್ಲೋ ಮಾರಾಯ. ಅಂಟೂ ಒಡೆದಿಲ್ಲ” ಎಂದರು. ಸೊನ್ನೆಯ ಮೇಲೆ ನಾನು ಹಾಕಿದ್ದ ತೊಟ್ಟು ಗಟ್ಟಿಯಾಗಿ ಹಾಗೇ ಇತ್ತು. ಮುಳ್ಳು ಮಾತ್ರ ಏಳರ ಮೇಲಿತ್ತು. ಚಿಮಟದಿಂದ ಸೊನ್ನೆಗೆ ತಂದರೆ, ಬಿಟ್ಟ ಕೂಡಲೇ ತಿರುಗಿ ಏಳಕ್ಕೆ ಹೋಯಿತು. ಸಾಬರು ಚಿಮಟ ಕೆಳಗಿಟ್ಟು, “ಯಾರದೈತೋ ಅವರಿಗೆ ಕೊಟ್ಟು ಬಾ” ಎಂದರು.

ಮರುದಿನ ಸರಸ್ವತಿ ನಗರದ ಅವರ ಬಾಡಿಗೆ ಮನೆಗೆ ಹೋದೆ. ಪುಕ್ಕಟೆ ತಗೊಳ್ಳಿ, ತಪ್ಪಾಯಿತು ಎಂದೆ. ಜೀವನದಲ್ಲಿ ನಾನು ಪುಕ್ಕಟೆ ಕೊಡಲು ಹೋಗಿದ್ದು ಅದೊಂದೇ ಸಲ. ಸಿಲೋನ್ ಸರ್ ಬಾಗಿಲಿನಲ್ಲಿ ನಿಂತು ಪೆಟ್ಟಿಗೆಯನ್ನು ನೋಡಿದರು, ಕೈ ಚಾಚಲಿಲ್ಲ.

“ಅದು ಈಗ ನಿಮ್ಮ ಸ್ಟಾಕಿನಲ್ಲಿದೆ. ನಾನು ನೋಡಬೇಕಾದದ್ದು ನೋಡಿ ಆಯಿತು. ಇನ್ನು ನೀವು ನೋಡುತ್ತಿರಿ” ಎಂದು ಬಾಗಿಲು ಹಾಕಿಕೊಂಡರು. ತಿಂಗಳೊಳಗೆ ಊರು ಬಿಟ್ಟರಂತೆ. ಎಲ್ಲಿಗೆ ಹೋದರು, ಇದ್ದಾರೋ ಇಲ್ಲವೋ ಯಾರಿಗೂ ಗೊತ್ತಿಲ್ಲ.

ಕಾಲೇಜಿನ ಮೇಷ್ಟ್ರುಗಳಿಗೆ ತೋರಿಸಿದೆ. ಒಬ್ಬರು ತೇವ ಎಂದರು, ಒಬ್ಬರು ಗಾಜು ಉಜ್ಜಿದಾಗ ಹುಟ್ಟುವ ವಿದ್ಯುತ್ತು ಎಂದರು, ಇನ್ನೊಬ್ಬರು ನೀನು ಅಂಟು ಹಾಕಿರುವುದೇ ಸುಳ್ಳು ಎಂದರು. ನನಗೆ ಯಾವುದೂ ಒಪ್ಪಿಗೆಯಾಗಿಲ್ಲ. ದಿನಾ ಬೆಳಗ್ಗೆ ಷಟರ್ ಎತ್ತಿದ ಕೂಡಲೇ ಕಣ್ಣು ಕಪಾಟಿಗೇ ಹೋಗುತ್ತದೆ. ಏಳು.

ನಿಮಗೆ ಹೇಳುವುದು ಇಷ್ಟೇ. ನೌಕರಿಯಲ್ಲಿದ್ದರೆ, ಜೀವಕ್ಕೆ ಜೀವವಾದ ವಸ್ತುವನ್ನು ಕಚೇರಿಯ ಸ್ಟಾಕ್ ಬುಕ್ಕಿಗೆ ಏರಿಸಬೇಡಿ, ಮನೆಯಲ್ಲಿ ಇಟ್ಟುಕೊಳ್ಳಿ. ವ್ಯಾಪಾರದಲ್ಲಿದ್ದರೆ, ಗಿರಾಕಿ ಚೌಕಾಸಿ ಮಾಡದೆ ಒಪ್ಪಿದಾಗ ಹಣ ತಗೊಂಡು ಅದೇ ಗಳಿಗೆಯಲ್ಲಿ ಸಾಮಾನನ್ನು ಅವರ ಕೈಗಿಡಿ. ನಾಳೆ ಬನ್ನಿ ಎನ್ನಬೇಡಿ. ನಾಳೆ ಅವರು ಬರುತ್ತಾರೆ, ಆದರೆ ತಗೊಂಡು ಹೋಗದೇ ಇರಬಹುದು.