ದೊಡ್ಡಪ್ಪನ ನಡಿಗೆ

ನಮ್ಮ ಕಚೇರಿಯ ದಾಖಲೆ ಕೋಣೆಯಲ್ಲಿ ಮೂವತ್ತು ವರ್ಷ ಏಣಿ ಹತ್ತಿ ಇಳಿದವರನ್ನು ಎಲ್ಲರೂ ಏಣಿಯಣ್ಣ ಎನ್ನುತ್ತಿದ್ದರು. ಯಾವ ಕಡತ ಯಾವ ಮೂಲೆಯಲ್ಲಿದೆ ಎಂಬುದು ಅವರ ನಾಲಿಗೆಯ ತುದಿಯಲ್ಲೇ ಇತ್ತು. ನಾನು ಹೊಸ ಗುಮಾಸ್ತ, ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲಿಗ. "ಏನು ಡಿಗ್ರಿ ಸಾಹೇಬ್ರೇ, ಓದಿದ್ದು ತಲೇಲಿದೆಯಾ, ಸರ್ಟಿಫಿಕೇಟಲ್ಲಿದೆಯಾ?" ಎಂದು ಛೇಡಿಸುತ್ತಲೇ ನನಗೆ ಕೆಲಸ ಕಲಿಸಿದವರು ಅವರು.

ಒಂದು ವರ್ಷದ ಮೇಲೆ ಅವರ ನಡಿಗೆ ಬದಲಾಯಿತು. ಗೋಡೆ ಹಿಡಿದು ಬರುವರು, ನಿಂತಲ್ಲೇ ತೂರಾಡುವರು. ಒಂದು ಮಧ್ಯಾಹ್ನ ಕಡತಗಳ ಸಮೇತ ಏಣಿಯಿಂದ ಬಿದ್ದರು. ಪೆಟ್ಟಾಗಲಿಲ್ಲ. ಸೂಪರಿಂಟೆಂಡೆಂಟರು ನನ್ನನ್ನು ಕರೆಸಿ, "ಪಕ್ಕದಲ್ಲೇ ಕೂರ್ತೀರಲ್ಲ, ಕುಡೀತಾರಾ?" ಎಂದು ಕೇಳಿದರು. "ಹೌದು ಸಾರ್" ಎಂದೆ. ಬರೆದೂ ಕೊಟ್ಟೆ. ಏಣಿಯಣ್ಣನನ್ನು ಗೇಟು ಕಾಯಲು ಹಾಕಿದರು.

ಎರಡು ತಿಂಗಳಾದ ಮೇಲೆ ಅವರ ಹೆಂಡತಿ ಆಸ್ಪತ್ರೆಯ ಚೀಟಿಯೊಂದನ್ನು ನನ್ನ ಮೇಜಿನ ಮೇಲಿಟ್ಟರು. ಒಳಕಿವಿಯ ತೊಂದರೆ, ಅದರಿಂದ ತಲೆಸುತ್ತು. "ಹೆಂಡದಂಗಡಿ ಯಾವ ದಿಕ್ಕಿಗಿದೆ ಅಂತಾನೂ ಇವರಿಗೆ ಗೊತ್ತಿಲ್ಲಪ್ಪ" ಎಂದಷ್ಟೇ ಹೇಳಿ ಹೋದರು.

ಗೇಟಿಗೆ ಹೋಗಿ, "ತಪ್ಪಾಯ್ತಣ್ಣ" ಎಂದೆ.

"ತಲೆಸುತ್ತೋನಿಗೆ ಏಣಿ ಯಾಕೆ ಬೇಕು ಸಾಹೇಬ್ರೇ? ನಾನೇ ಇಳೀತಿದ್ದೆ. ಕುಡುಕ ಅಂತ ಇಳಿಸಿಬಿಟ್ರಲ್ಲ. ಮೊಮ್ಮಗಳು ಕೇಳ್ತಾಳೆ, ತಾತ, ನೀನು ಕುಡೀತೀಯಂತೆ ಹೌದಾ ಅಂತ."

ಡಿಗ್ರಿಯಲ್ಲಿ ನಾನು ಓದಿದ್ದು ಮನಶ್ಶಾಸ್ತ್ರ. ನಂಬುವುದು, ಅನಿಸುವುದು, ನಡೆದುಕೊಳ್ಳುವುದು, ಈ ಮೂರು ಎಳೆ ಸೇರಿ ಒಂದು ಧೋರಣೆ ಎಂದು ಬರೆದು ಒಳ್ಳೆಯ ಅಂಕ ಪಡೆದಿದ್ದೆ. ಆ ರಾತ್ರಿ ನನ್ನದನ್ನೇ ಬಿಚ್ಚಿ ನೋಡಿದೆ. ಊರಿನಲ್ಲಿ ದೊಡ್ಡಪ್ಪ ಕುಡಿದು ತೂರಾಡುತ್ತ ಬಂದರೆ ಅಮ್ಮ ನನ್ನನ್ನು ಬಾಗಿಲ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು. ಕಚೇರಿಯಲ್ಲೂ ಆದದ್ದು ಅದೇ. ಏಣಿಯಣ್ಣ ತೂರಾಡಿದಾಗ ಮೊದಲು ನನ್ನ ಕುರ್ಚಿ ಹಿಂದೆ ಸರಿದಿತ್ತು. ಕುಡುಕ ಎಂಬ ನಂಬಿಕೆ ಆಮೇಲೆ ಬಂದು ಅದಕ್ಕೆ ಸಾಕ್ಷಿ ಹೇಳಿತ್ತು.

ಮರುದಿನ ಎರಡನೇ ಹೇಳಿಕೆ ಬರೆದುಕೊಂಡು ಹೋದೆ.

"ಅವರು ಕುಡಿದಿದ್ದನ್ನ ನೋಡಿದ್ರಾ?" ಸೂಪರಿಂಟೆಂಡೆಂಟರು ಕೇಳಿದರು.

"ಇಲ್ಲ ಸಾರ್."

"ವಾಸನೆ?"

"ಇಲ್ಲ ಸಾರ್."

"ಮತ್ತೆ ಯಾವ ಆಧಾರದ ಮೇಲೆ ಬರೆದ್ರಿ ಮಾರಾಯ್ರೇ?"

"ನಮ್ಮ ದೊಡ್ಡಪ್ಪ ಹಾಗೇ ನಡೀತಿದ್ರು."

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಇದನ್ನೂ ಬರೀರಿ" ಎಂದರು. ಬರೆದೆ. ಹಳೆಯ ಹೇಳಿಕೆ ತೆಗೆಯಲು ನಿಯಮವಿಲ್ಲ. ಹೊಸದನ್ನು ಅದರ ಹಿಂದೆ ಸೇರಿಸಿದರು.

"ಒಂದು ಪ್ರತಿ ತಗೊಂಡು ಮನೆಗೆ ಬನ್ನಿ. ನಾನು ಹೇಳಿದ್ರೆ ಮೊಮ್ಮಗಳು ನಂಬಲ್ಲ" ಎಂದರು ಗೇಟಿನಲ್ಲಿ ವಿಷಯ ಕೇಳಿದ ಏಣಿಯಣ್ಣ. ಭಾನುವಾರ ಹೋಗಿ, ಏಳು ವರ್ಷದ ಮೊಮ್ಮಗಳನ್ನು ಎದುರಿಗೆ ಕೂರಿಸಿಕೊಂಡು ಇಡೀ ಹೇಳಿಕೆ ಓದಿದೆ. ಅವಳು ತಾತನ ಮುಖ ನೋಡಿ ಸಣ್ಣಗೆ ನಕ್ಕಳು.

ನನ್ನನ್ನು ಕಳಿಸಲು ಏಣಿಯಣ್ಣ ಎದ್ದರು. ಗೋಡೆ ಹಿಡಿದು, ತೂರಾಡುತ್ತ, ಬಾಗಿಲವರೆಗೆ ಬಂದರು. ನನ್ನ ಕಾಲು ತಾನಾಗಿಯೇ ಒಂದು ಹೆಜ್ಜೆ ಹಿಂದೆ ಸರಿಯಿತು. ಹುಡುಗಿ ನನ್ನ ಕಾಲನ್ನೇ ನೋಡುತ್ತಿದ್ದಳು.